ಐದು ತಾಲೂಕಿನ ಸೋದರಮಾವ

ಕೂಡ್ಲಿಗಿಯ ಆ ಹಿರಿಯರು ತೀರಿಕೊಂಡ ದಿನ ನನ್ನ ಫೋನಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಮಹಾನುಭಾವರು, ಪರೋಪಕಾರಿ, ಇನ್ನಿಲ್ಲದ ಹಿರಿಯ ಜೀವ ಅಂತೆಲ್ಲ ಬರೆದಿದ್ದರು. ಕಳಿಸಿದವರ ಹೆಸರು ನೋಡುತ್ತಾ ಹೋದೆ. ಅವರಲ್ಲಿ ಅರ್ಧಕ್ಕರ್ಧ ಜನ ತಮ್ಮ ಅಪ್ಪನನ್ನೋ ಅವ್ವನನ್ನೋ ಆಸ್ಪತ್ರೆಯಿಂದ ಬಿಡಿಸಿ ತರುವಾಗ ಇದೇ ಮನುಷ್ಯರ ಬೆನ್ನ ಹಿಂದೆ ಅಡಗಿ ನಿಂತಿದ್ದವರು. ತೀರಿಕೊಂಡವರ ಹೆಸರನ್ನು ನಾನು ಇಲ್ಲಿ ಬರೆಯೋದಿಲ್ಲ. ಬರೆದರೆ ಹೋದವರಿಗೇನೂ ಆಗಬೇಕಾದ್ದಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಎಷ್ಟೋ ಮರ್ಯಾದಸ್ಥ ಗಂಡಸರು ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಿದರೆ ನನಗೇನೂ ನಷ್ಟವಿಲ್ಲ ಅನ್ನೋದು ಬೇರೆ ಮಾತು.

ಆ ಹಿರಿಯರ ಕಸಬು ಪತ್ರ ಬರೆಯೋದು. ನೋಂದಣಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಖರೀದಿಪತ್ರ, ಪಾಲುಪತ್ರ, ಬಾಡಿಗೆ ಕರಾರು ಬರೆದುಕೊಟ್ಟು, ಸಾಕ್ಷಿಗೆ ಯಾರೂ ಸಿಗದಿದ್ದರೆ ತಾವೇ ಸಾಕ್ಷಿಯಾಗಿ ಸಹಿ ಹಾಕೋರು. ಕಂಪ್ಯೂಟರು ಬಂದು ಬರವಣಿಗೆ ಹೋಯಿತು, ಸಾಕ್ಷಿ ಕೆಲಸ ಮಾತ್ರ ಉಳಿಯಿತು. ಆ ಸಹಿ ಅಂತಿಂಥ ಸಹಿಯಲ್ಲ. ಮೊದಲ ಅಕ್ಷರಕ್ಕೆ ಎರಡು ಸುಳಿ, ಕೆಳಗೆ ಎರಡು ಗೆರೆ, ಗೆರೆಯ ಕೊನೆಗೆ ಎರಡು ಚುಕ್ಕೆ. ಹಾಕಿ ಮುಗಿಸಿದ ಮೇಲೆ ಕಾಗದವನ್ನು ಮೊಳ ದೂರ ಹಿಡಿದು ಒಮ್ಮೆ ತಾವೇ ನೋಡಿ ಸಂತೋಷಪಡೋರು. ಆಮೇಲೆ ಶಾಯಿ ಪೆನ್ನಿನ ಮೂತಿಯನ್ನು ಕಿವಿಯ ಮೇಲಿನ ಬಿಳಿ ಕೂದಲಿಗೆ ಒರೆಸಿಕೊಳ್ಳೋರು. ಅಲ್ಲೊಂದು ನೀಲಿ ಕಲೆ ಯಾವಾಗಲೂ ಇರೋದು. ಹೆಂಡತಿ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಸೋತು ಕೈಬಿಟ್ಟಿದ್ದರಂತೆ. ಯಾರಾದರೂ, ಏನ್ರೀ ನೀವು ಕಾಣದ ವ್ಯವಹಾರಕ್ಕೂ ಸಾಕ್ಷಿ ಹಾಕ್ತೀರಲ್ಲ ಅಂತ ಕೆಣಕಿದರೆ, "ಸಾಕ್ಷಿ ಅಂದ್ರ ಕಂಡಾವ ಅಲ್ರಿ, ಕಂಡೀನಿ ಅಂತ ಬರಕೊಟ್ಟಾವ" ಅನ್ನೋರು. ಇದು ಅವರ ಬಾಯಿಂದ ನಾನೇ ಕೇಳಿದ್ದು, ಅದೂ ದೊಡ್ಡ ತತ್ವ ಹೇಳಿದವರ ಗತ್ತಿನಲ್ಲಿ.

ಇಂಥ ಮನುಷ್ಯ ಆಸ್ಪತ್ರೆಗೆ ಹೇಗೆ ಹೊಕ್ಕರು ಅನ್ನೋದು ಗೊತ್ತಾಗಬೇಕಾದರೆ ನಮ್ಮ ಕಡೆಯ ಸಾವಿನ ಶಿಸ್ತು ಗೊತ್ತಿರಬೇಕು. ಇಲ್ಲಿ ಮನುಷ್ಯ ಹೇಗೆ ಬೇಕಾದರೂ ಬದುಕಬಹುದು, ಸಾಯೋದು ಮಾತ್ರ ಮನೆಯೊಳಗೇ ಸಾಯಬೇಕು. ಹೊರಗೆ ಸತ್ತರೆ ಹೆಣವನ್ನು ಹೊಸ್ತಿಲು ದಾಟಿಸುವುದಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಅಲ್ಲಿಂದಲೇ ಎತ್ತುತ್ತಾರೆ. ಹಾಗಾಗಿ ಡಾಕ್ಟರು ಮುಖ ಸಣ್ಣದು ಮಾಡಿಕೊಂಡರೆ ಸಾಕು, ಉಸಿರಿರುವಾಗಲೇ ಮನೆ ಮುಟ್ಟಿಸುವ ಗಡಿಬಿಡಿ ಶುರು. ಆಸ್ಪತ್ರೆಯವರು ಆಗ ಒಂದು ಫಾರಂ ಕೊಡುತ್ತಾರೆ. ವೈದ್ಯರು ಬೇಡವೆಂದರೂ ನಮ್ಮ ಇಚ್ಛೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ, ಮುಂದೆ ಆಗುವುದಕ್ಕೆಲ್ಲ ನಾವೇ ಹೊಣೆ ಅಂತ ಅದರಲ್ಲಿ ಇರುತ್ತೆ. ಕೆಳಗೆ ಸಹಿ, ಸಹಿಯ ಪಕ್ಕ ರೋಗಿಗೆ ಏನು ಸಂಬಂಧ ಅಂತ ಒಂದು ಖಾಲಿ ಜಾಗ.

ಆ ಹೊತ್ತಿನಲ್ಲಿ ನೋಡಬೇಕು ನಮ್ಮ ಗಂಡುಮಕ್ಕಳ ಚಂದ. ಪಾಲಾಗುವಾಗ ನಾ ಮುಂದೆ ತಾ ಮುಂದೆ ಅಂತ ಹೆಬ್ಬೆಟ್ಟು ಚಾಚಿದವರು ಈಗ ಕೈಯನ್ನು ಜೇಬಿನಿಂದ ತೆಗೆಯೋದೇ ಇಲ್ಲ. ದೊಡ್ಡವನು, ನೀನು ಓದಿದವನು ನೀನೇ ಹಾಕು ಅನ್ನುತ್ತಾನೆ. ಸಣ್ಣವನು, ಹಿರಿಯರು ಇರುವಾಗ ನಾನು ಹಾಕಿದರೆ ಏನು ಚಂದ ಅನ್ನುತ್ತಾನೆ. ನಡುವಿನವನಿಗೆ ಅದೇ ಹೊತ್ತಿಗೆ ಫೋನ್ ಬರುತ್ತೆ. ಅಳಿಯ, ನಾನು ಎಷ್ಟಿದ್ದರೂ ಹೊರಗಿನವನು ಅಂತ ಚಹಾದಂಗಡಿಗೆ ನಡೆಯುತ್ತಾನೆ. ಹೆಣ್ಣುಮಕ್ಕಳಿಗೆ ಆ ಕಾಗದವನ್ನು ತೋರಿಸುವುದೂ ಇಲ್ಲ. ಯಾಕಿಷ್ಟು ಹೆದರಿಕೆ ಅಂದರೆ, ನಾಳೆ ಮಣ್ಣು ಕೊಟ್ಟು ಬಂದ ಮೇಲೆ ಯಾವನಾದರೂ ಒಬ್ಬ ಬೀಗ ಕಟ್ಟೆ ಮೇಲೆ ಕೂತು, ಇನ್ನೆರಡು ದಿನ ಇಟ್ಟಿದ್ದರೆ ಉಳೀತಿದ್ದ, ಇವನೇ ಸಹಿ ಮಾಡಿ ತಂದ ಅಂದುಬಿಡುತ್ತಾನೆ. ಹಾಗೆ ಅನ್ನುವ ಬೀಗ ಯಾರು ಅಂತೀರಿ? ವಾರದಿಂದ ಗುಟುಕು ನೀರು ನುಂಗದ ರೋಗಿಯನ್ನು ಮಾತಾಡಿಸಲು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದನಲ್ಲ, ಅವನೇ.

ಮೊದಲ ಸಲ ನಮ್ಮ ಹಿರಿಯರು ಹೋಗಿದ್ದು ಹೊಸಹಳ್ಳಿಯ ಒಂದು ಮನೆಯವರ ಜೊತೆಗೆ, ಸುಮ್ಮನೆ ಧೈರ್ಯಕ್ಕೆ ಅಂತ. ನಾಲ್ಕು ಜನ ಗಂಡುಮಕ್ಕಳು ಒಂದು ಪೆನ್ನನ್ನು ಬಿಸಿ ಕೆಂಡ ದಾಟಿಸಿದ ಹಾಗೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರಂತೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನೋಡಿ ನೋಡಿ ಇವರಿಗೆ ತಡೆಯಲಾಗಲಿಲ್ಲ. "ತರ್ರಿಲ್ಲೆ ಅದನ್ನ" ಅಂತ ಕಸಿದುಕೊಂಡು ತಮ್ಮ ಪೆನ್ನು ತೆಗೆದು ಸಹಿ ಹಾಕಿ, ಸಂಬಂಧದ ಜಾಗದಲ್ಲಿ ಸೋದರಮಾವ ಅಂತ ಬರೆದರು. ನಾಲ್ವರೂ ಅವರ ಕಾಲಿಗೆ ಬಿದ್ದರು. ಸುದ್ದಿ ಹಬ್ಬೋದಕ್ಕೆ ಇನ್ನೇನು ಬೇಕು? ತಿಂಗಳೊಳಗೆ ಕೊಟ್ಟೂರಿನಿಂದ ಒಂದು ಕಾರು ಬಂತು, ಹಡಗಲಿಯಿಂದ ಒಂದು ಬಂತು. ನೋಡನೋಡುತ್ತ ಅವರು ಐದು ತಾಲೂಕಿಗೂ ಸೋದರಮಾವ ಆಗಿ ಕೂತರು. ಜನ ಹೆಸರು ಬಿಟ್ಟು ಮಾವಾರು ಅಂತಲೇ ಕರೆಯೋದಕ್ಕೆ ಶುರು ಮಾಡಿದರು.

ಸೋದರಮಾವನೇ ಯಾಕೆ ಅನ್ನೋದಕ್ಕೂ ಅವರ ಹತ್ತಿರ ಪತ್ರ ಬರೆಯೋರ ಬುದ್ಧಿಯ ಉತ್ತರವಿತ್ತು. ಮಗ, ಅಣ್ಣ ಅಂತ ಬರೆದರೆ ಗುರುತಿನ ಚೀಟಿ ನೋಡಿ ಮನೆತನ ಬೇರೆ ಅಂತ ಹಿಡಿದುಬಿಡುತ್ತಾರೆ, ತಾಯಿಯ ಅಣ್ಣತಮ್ಮನ ಮನೆತನ ಹೇಗೂ ಬೇರೆಯೇ ಇರುತ್ತೆ, ಯಾವ ಚೀಟಿಯಿಂದಲೂ ಸುಳ್ಳು ಅನ್ನೋದಕ್ಕೆ ಬರೋದಿಲ್ಲ. ಒಮ್ಮೆ ಮಾತ್ರ ಸಿಕ್ಕಿಬಿದ್ದಿದ್ದರು. ಗುಡೇಕೋಟೆ ಕಡೆಯ ಕುರಿ ಸಾಕುವವರ ಮನೆಯ ಮುದುಕ, ಎಂಬತ್ತು ದಾಟಿದವನು. ಮಾವಾರಿಗೆ ಆಗ ಅರವತ್ತೆರಡು. ನರ್ಸು ಫಾರಂ ನೋಡಿ, ಅಳಿಯನಿಗಿಂತ ಸೋದರಮಾವ ಇಪ್ಪತ್ತು ವರ್ಷ ಸಣ್ಣವನಾ ಅಂತ ಕೇಳಿದಳಂತೆ. ಇವರು ಕಣ್ಣು ಮಿಟುಕಿಸದೆ, ನಮ್ಮ ತಾಯಿ ಚೊಚ್ಚಲು ಅಕ್ಕನ್ನ ಹೆತ್ತಾಗ ಹದಿನೈದು, ಕೊನೆಗೆ ನನ್ನ ಹೆತ್ತಾಗ ಐವತ್ತು, ಏನು ಮಾಡೋದು ತಾಯಿ, ಆಗೆಲ್ಲ ಹಂಗೇ ಅಂದರಂತೆ. ಆ ಹುಡುಗಿ ಲೆಕ್ಕ ಹಾಕುತ್ತಾ ನಿಂತಿರುವಾಗಲೇ ಮುದುಕನನ್ನು ಗಾಡಿಗೆ ಹಾಕಿಯಾಗಿತ್ತು.

ಹೋಗುವ ರೀತಿಯಲ್ಲೂ ಒಂದು ಠೀವಿ. ಕಾರಿನಲ್ಲಿ ಮುಂದಿನ ಸೀಟೇ ಬೇಕು. ವಾಂತಿ ಬರುತ್ತೆ ಅಂತ ಕೈಯಲ್ಲೊಂದು ನಿಂಬೆಹಣ್ಣು. ಇಸ್ತ್ರಿ ಮಾಡಿದ ಪಂಚೆ, ಕಪ್ಪು ಕೋಟು. ಆಸ್ಪತ್ರೆಯೊಳಗೆ ಕಾಲಿಟ್ಟವರೇ ಕೇಳೋದು, "ಫಾರಂ ಎಲ್ಲೈತಿ?" ರೋಗಿ ಎಲ್ಲಿದ್ದಾನೆ ಅಂತ ಅವರು ಒಂದು ಸಲವೂ ಕೇಳಿದ್ದಿಲ್ಲ. ಫಾರಮ್ಮನ್ನು ಮೇಲಿಂದ ಕೆಳಗಿನ ತನಕ ಗಟ್ಟಿಯಾಗಿ ಓದಿ, ಅದರ ಕನ್ನಡದಲ್ಲಿ ನಾಲ್ಕು ತಪ್ಪು ತೋರಿಸಿ, ಗೋಡೆಗೆ ಒತ್ತಿ ಸಹಿ ಮಾಡೋದು ತಮ್ಮ ಪದ್ಧತಿಯಲ್ಲ ಅಂತ ಮೇಜು ತರಿಸೋರು. ಒಳಗೆ ಒಂದು ಜೀವ ಏದುಸಿರು ಬಿಡುತ್ತಿರುವಾಗ ಹೊರಗೆ ಮಕ್ಕಳು ಮೇಜು ಹುಡುಕಿಕೊಂಡು ಓಡಾಡೋರು. ಸಹಿಯಾದ ಮೇಲೆ ಅವರಿಗೆ ಬೆಣ್ಣೆದೋಸೆ ಆಗಬೇಕಿತ್ತು. ಒಂದು ಪೈಸೆ ಮುಟ್ಟುತ್ತಿರಲಿಲ್ಲ, ದೋಸೆ ಮಾತ್ರ ಬಿಡುತ್ತಿರಲಿಲ್ಲ. ಅದನ್ನು ಮಕ್ಕಳೇ ಊರಲ್ಲಿ ಆಡಿಕೊಂಡು ನಗೋರು, ಅಪ್ಪ ಗಾಡಿಯಲ್ಲಿ ಮಲಗಿದ್ದ, ಇವರು ದೋಸೆ ತಿಂತಿದ್ದರು ಅಂತ. ತಾವು ಪಕ್ಕದ ಟೇಬಲ್ಲಿನಲ್ಲಿ ಏನು ತಿಂತಿದ್ದರು ಅನ್ನೋದನ್ನು ಮಾತ್ರ ಯಾರೂ ಹೇಳಲಿಲ್ಲ.

ನನಗೆ ಈ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಟೀಚರು, ನಮ್ಮ ಕಡೆ ಅಕ್ಕೋರು ಅಂತಾರೆ, ಬಾಯಿ ಸ್ವಲ್ಪ ಜೋರು. ಮುಖ ನೋಡದೆ ಒಬ್ಬರ ಸಾವಿಗೆ ಒಪ್ಪಿಗೆ ಬರೆಯೋದು ಉಪಕಾರವಲ್ಲ, ಹೇಡಿಗಳಿಗೆ ಕೊಡೆ ಹಿಡಿಯೋದು ಅಂತ ಸ್ಟಾಫ್‌ರೂಮಿನಲ್ಲಿ ಭಾಷಣ ಮಾಡಿದ್ದೆ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರು ಅಂತಲೂ ಅಂದಿದ್ದೆ. ಆಡೋದಕ್ಕೆ ನನಗೇನು ಕಷ್ಟ, ಆಗಿನ್ನೂ ನಮ್ಮವ್ವ ಗಟ್ಟಿಮುಟ್ಟಾಗಿದ್ದಳು.

ಮೂರು ವರ್ಷದ ಹಿಂದೆ ಅವ್ವನ ಕಿಡ್ನಿ ಸೋತವು. ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು ಹಾಕಿ ಮಲಗಿಸಿದರು. ಡಾಕ್ಟರಮ್ಮ ನಮ್ಮ ಅಣ್ಣನನ್ನೂ ತಮ್ಮನನ್ನೂ ನನ್ನನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದಳು. ಪೂರಾ ಗುಣವಾಗೋದಿಲ್ಲ, ಡಯಾಲಿಸಿಸ್ ಮುಂದುವರಿಸಿದರೆ ಕೆಲವು ದಿನ ಸಿಗಬಹುದು, ಮನೆಗೆ ಒಯ್ದರೆ ಒಂದೆರಡು ದಿನ, ಯೋಚಿಸಿ ಅಂತ. ಆಮೇಲೆ, ನಿಮ್ಮ ತಾಯಿಗೆ ಇದೆಲ್ಲ ಗೊತ್ತಾ ಅಂತ ಕೇಳಿದಳು. ಅಣ್ಣ ಗಾಬರಿಯಾಗಿ, ಹೇಳಬ್ಯಾಡ್ರಿ, ತಡಕೊಳ್ಳಂಗಿಲ್ಲ ಅಂದ. ಯಾರು ತಡಕೊಳ್ಳದವಳು? ಹೆತ್ತ ಎರಡು ಕೂಸುಗಳನ್ನು ತಾನೇ ಮಣ್ಣಿಗೆ ಕೊಟ್ಟವಳು, ಲಕ್ವ ಹೊಡೆದ ಅಪ್ಪನನ್ನು ಆರು ವರ್ಷ ಒಬ್ಬಳೇ ಎತ್ತಿ ಇಳಿಸಿದವಳು. ಅವಳಿಗೆ ನಾವೆಲ್ಲ ಸೇರಿ ಹೇಳಿದ್ದು ಗ್ಯಾಸ್ ಆಗಿದೆ ಅಂತ. ನಮ್ಮ ಕಡೆ ಸಾಯುವವರಿಗೆಲ್ಲ ಗ್ಯಾಸೇ ಆಗೋದು.

ಅಣ್ಣನಿಗೆ ಕೊಟ್ಟೂರಿನಲ್ಲಿ ದಲಾಲಿ ಅಂಗಡಿ, ತಮ್ಮನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಹಾರ್ಡ್‌ವೇರು. ಇಬ್ಬರೂ ಬುದ್ಧಿವಂತರೇ. ಒಂದು ಇಡೀ ದಿನ ಸಹಿ ಯಾರು ಹಾಕಬೇಕು ಅಂತ ಚರ್ಚೆ ಮಾಡಿ, ಮರುದಿನ ಬೆಳಿಗ್ಗೆ ಕೂಡ್ಲಿಗಿಗೆ ಕಾರು ಕಳಿಸಿದರು. ನನಗೆ ಹೇಳಲಿಲ್ಲ. ಕೋಟು ಹಾಕಿಕೊಂಡ ಮನುಷ್ಯ ನಿಂಬೆಹಣ್ಣು ಮೂಸುತ್ತಾ ಐಸಿಯು ಮುಂದೆ ಬಂದು ಫಾರಂ ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಮೈ ಉರಿದುಹೋಯಿತು. ಅಡ್ಡ ನಿಂತು, ಮಾವಾರ, ಯಾರನ್ನ ಮನಿಗೆ ಕಳಸಾಕ ಬಂದೀರಿ, ಒಮ್ಮೆ ನೋಡೀರೇನು ಅಂತ ಕೇಳಿದೆ.

"ನಾ ನೋಡಂಗಿಲ್ರಿ ಅಕ್ಕೋರ," ಅಂದರು, ಬಹಳ ಸಹಜವಾಗಿ. "ನೋಡಿದ್ರ ಕೈ ನಡಗತೈತಿ. ಸಹಿ ಕೆಡತೈತಿ."

ಅಣ್ಣ ಸುಮ್ಮನಿರು ಅಂತ ಕಣ್ಣು ಬಿಟ್ಟ. ನಾನು ಬಿಡಲಿಲ್ಲ. ಇವತ್ತು ಕೆಟ್ಟರೆ ಕೆಡಲಿ ಅಂತ ಅವರ ಕೋಟಿನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದೆ. ನನಗೂ ಒಂದು ಲೆಕ್ಕವಿತ್ತು. ಅವ್ವನನ್ನು ಎದುರಿಗೇ ಕೇಳಿದರೆ ಅವಳು ಮನೆಗೆ ಹೋಗುತ್ತೇನೆ ಅನ್ನೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವಳೇ ಹೇಳಿದಳು ಅಂತ ಆದ ಮೇಲೆ ಸಹಿಯನ್ನು ನಾನೇ ಹಾಕಿ, ಈ ಗಂಡಸರ ಮುಖಕ್ಕೆ ಹೊಡೆದ ಹಾಗೆ ಮಾಡಬೇಕು ಅಂತ ಇದ್ದೆ.

ಒಳಗೆ ನರ್ಸು ಅವರಿಗೆ ನೀಲಿ ಗೌನು, ಟೊಪ್ಪಿಗೆ ಹಾಕಿಸಿದಳು. ಮಂಚದ ಹತ್ತಿರ ಹೋಗುವಷ್ಟರಲ್ಲಿ ಗತ್ತೆಲ್ಲ ಇಳಿದು ಕೈ ಕಟ್ಟಿಕೊಂಡು ನಿಂತಿದ್ದರು. ಅವ್ವ ಕಣ್ಣು ಬಿಟ್ಟಳು. ಮಾಸ್ಕನ್ನು ತಾನೇ ಗದ್ದಕ್ಕೆ ಸರಿಸಿ, ಯಾರಪಾ ನೀನು ಅಂದಳು. ಐದು ತಾಲೂಕಿನ ತುಂಬ ಸೋದರಮಾವ ಅಂತ ಬರೆದುಕೊಂಡು ತಿರುಗಿದವರಿಗೆ ಆಗ ಆ ಮಾತು ಬಾಯಿಗೆ ಬರಲಿಲ್ಲ. ಕೂಡ್ಲಿಗಿಯವನು ತಾಯಿ, ಪತ್ರ ಬರೆಯೋನು ಅಂದರು. ಯಾತರ ಪತ್ರ ಅಂತ ಅವ್ವ ಕೇಳಿದಳು. ನಿಮ್ಮನ್ನ ಮನಿಗೆ ಕರಕೊಂಡು ಹೋಗೋದಕ್ಕ ಅಂದರು.

"ನಾ ನೆಟ್ಟಗಾದ್ನೇನು?"

ಅವರು ನನ್ನ ಕಡೆ ನೋಡಿದರು. ನಾನು ಸಲೈನ್ ಬಾಟಲಿ ನೋಡುತ್ತಿದ್ದೆ.

"ಇಲ್ರಿ ಯವ್ವಾ," ಅಂದರು.

ಆಸ್ಪತ್ರೆಗೆ ಸೇರಿಸಿದ ಹನ್ನೊಂದು ದಿನದಲ್ಲಿ ಅವ್ವನಿಗೆ ನಿಜ ಹೇಳಿದ ಮೊದಲ ಮನುಷ್ಯ ಅವರು. ಅವ್ವ ಅಳಲಿಲ್ಲ. ಗೊತ್ತೈತಿ ಬಿಡು, ಗ್ಯಾಸಿಗೆ ಇಷ್ಟು ಪೈಪು ಯಾರು ಹಾಕ್ತಾರ ಅಂದಳು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. ಮಾವಾರು ಬಗ್ಗಿ, ಮನಿಗೆ ಹೋಗ್ತೀರೇನ್ರಿ ಮತ್ತ ಅಂತ ಕೇಳಿದರು.

"ಇನ್ನ ನಾಕು ದಿನ ಇರ್ತೀನಿ," ಅಂದಳು ಅವ್ವ. "ನಿನಗೇನಪಾ ಅವಸರ?"

ಹೆತ್ತವಳ ಮನಸ್ಸು ನನಗೆ ಗೊತ್ತು ಅಂತ ಎಷ್ಟು ಮೆರೆದಿದ್ದೆ! ಮಾವಾರು ಹೊರಗೆ ಬಂದು ಗೌನು ಬಿಚ್ಚಿ, ಫಾರಮ್ಮನ್ನು ಅಣ್ಣನ ಕೈಗೆ ವಾಪಸು ಕೊಟ್ಟು, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಯಾವುದು ಅಂತ ಕೇಳಿದರು. ಕಾರು ಬೇಡ ಅಂದರು. ಆವತ್ತು ದೋಸೆಯನ್ನೂ ತಿನ್ನಲಿಲ್ಲವಂತೆ.

ಆಮೇಲೆ ಅವ್ವ ಇನ್ನೂ ಹನ್ನೆರಡು ದಿನ ಇದ್ದಳು. ಮೊದಲ ಐದು ದಿನ ಚೆನ್ನಾಗಿಯೇ ಇದ್ದಳು. ಒಬ್ಬೊಬ್ಬರನ್ನೇ ಒಳಗೆ ಕರೆಸಿ ಬೈದಳು. ದೊಡ್ಡ ಸೊಸೆಗೆ ನಿನ್ನ ಕೈ ಅಡುಗೆಯೇ ಅಡುಗೆ ಅಂದಳು, ಮರುದಿನ ಸಣ್ಣ ಸೊಸೆಗೂ ಅದನ್ನೇ ಅಂದಳು. ಅಣ್ಣನಿಗೆ, ನಿಮ್ಮಪ್ಪನೂ ಹಿಂಗs ಅಂಜುಬುರುಕ ಅಂದಳು. ನನಗೆ, ನಿನ್ನ ತಲೆ ಎಣ್ಣೆ ಕಂಡು ಎಷ್ಟು ದಿನವಾಯಿತು ಅಂದಳು. ಆರನೆಯ ದಿನ ಮತ್ತೆ ಬಿಗಡಾಯಿಸಿತು, ಪ್ರಜ್ಞೆ ಹೋಯಿತು, ಅಲ್ಲೇ ಆಸ್ಪತ್ರೆಯಲ್ಲೇ ಒಂದು ಮಧ್ಯಾಹ್ನ ಹೋದಳು. ಕೊಟ್ಟೂರಿಗೆ ತಂದಾಗ ಪದ್ಧತಿಯ ಪ್ರಕಾರ ಒಳಗೆ ಬಿಡಲಿಲ್ಲ, ಕಟ್ಟೆಯ ಮೇಲೆ ಕೂಡಿಸಿದರು. ಅರವತ್ತು ವರ್ಷ ಅವಳೇ ತೊಳೆದು ರಂಗೋಲಿ ಹಾಕಿದ ಹೊಸ್ತಿಲು ಎರಡು ಮಾರು ದೂರದಲ್ಲಿತ್ತು. ಬಂದವರೆಲ್ಲ ನನಗೆ ಕೇಳುವ ಹಾಗೇ ಆಡಿದರು, ಮಗಳ ಹಟಕ್ಕೆ ತಾಯಿ ಹೊರಗೆ ಸತ್ತಳು ಅಂತ. ಅಣ್ಣ ಅದಕ್ಕೆ ಇಲ್ಲ ಅನ್ನಲಿಲ್ಲ. ಇವತ್ತಿಗೂ ಅನ್ನೋದಿಲ್ಲ. ಅವ್ವನನ್ನೇ ಕೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು, ಆದರೂ ಆ ಕಟ್ಟೆಯ ಮೇಲೆ ಬಿಸಿಲಿಗೆ ಅವಳ ಮುಖ ನೋಡುತ್ತಾ ಕೂತಾಗ, ಯಾಕಾದರೂ ಮಾವಾರನ್ನು ಒಳಗೆ ಎಳೆದೆನೋ ಅನ್ನಿಸಿತು.

ಕರ್ಮವೆಲ್ಲ ಮುಗಿದು ಎರಡು ವಾರವಾದ ಮೇಲೆ ಒಂದು ಭಾನುವಾರ ಮಾವಾರು ಹರಪನಹಳ್ಳಿಯ ನಮ್ಮ ಮನೆಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು, ಕೋಟಿರಲಿಲ್ಲ. ಜಗಲಿಯ ಮೇಲೆ ಕೂತು ಮಳೆ, ಮೆಕ್ಕೆಜೋಳ ಅಂತ ಏನೇನೋ ಮಾತಾಡಿದರು. ಚಹಾ ತಂದಿಟ್ಟೆ. ಅದು ಆರಿಹೋಯಿತು.

"ಅಕ್ಕೋರ, ನಿಮ್ಮ ತಾಯಿಯವರು ಕಣ್ಣು ಬಿಟ್ಟಿದ್ರಲ್ರಿ," ಅಂದರು. "ನಾ ಸಹಿ ಮಾಡಿ ಕಳಿಸಿದವರೊಳಗ ಎಷ್ಟು ಮಂದಿ ಕಣ್ಣು ಬಿಟ್ಟಿದ್ರೋ."

ಚಹಾ ಬಿಸಿ ಮಾಡಿಕೊಡಲಾ ಅಂದೆ. ಬೇಡ ಅಂತ ಎದ್ದು ಹೋದರು.

ಆಮೇಲೆ ಅವರು ಯಾರ ಫಾರಮ್ಮಿಗೂ ಸಹಿ ಹಾಕಲಿಲ್ಲ. ಕಾರು ತಂದವರಿಗೆ, ಮೊದಲು ಕೇಳಿಕೊಂಡು ಬರ್ರಿ ಅನ್ನೋರಂತೆ. ಯಾರನ್ನ ಅಂದರೆ, ಸಾಯಾಕ ಹೊಂಟಾವನ್ನ ಅನ್ನೋರಂತೆ. ಜನಕ್ಕೆ ಎಂಥ ಸಿಟ್ಟು ಅಂತೀರಿ! ಮುದುಕನಿಗೆ ಸೊಕ್ಕು ಬಂತು, ತಲೆ ಕೆಟ್ಟಿತು, ಸಾಯೋರನ್ನ ಯಾರಾದರೂ ಕೇಳ್ತಾರಾ, ಅಪಶಕುನ ಅಂತೆಲ್ಲ ಅಂದರು. ನಾಲ್ಕು ತಿಂಗಳು ಬಂದು ಬಂದು ಆಮೇಲೆ ಕಾರುಗಳು ಬರೋದೇ ನಿಂತಿತು. ಊರು ಬೇರೆ ದಾರಿ ಹುಡುಕಿಕೊಂಡಿತು. ಈಗ ಹೆಚ್ಚಾಗಿ ಸಣ್ಣಳಿಯನ ಕೈಯಲ್ಲಿ ಹಾಕಿಸುತ್ತಾರೆ, ಹೊಸದಾಗಿ ಮದುವೆಯಾದವನಾದರೆ ಇನ್ನೂ ಒಳ್ಳೆಯದು, ಎದುರು ಮಾತಾಡೋದಿಲ್ಲ. ಮಾವಾರು ಮಾತ್ರ ಬೇವಿನ ಮರದ ಕೆಳಗೆ ತಮ್ಮ ಮೇಜಿಗೆ ಕೂತು ಪೇಪರು ಓದುತ್ತಿದ್ದರು. ನಾನು ಕೂಡ್ಲಿಗಿಗೆ ಹೋದಾಗಲೆಲ್ಲ ಮಾತಾಡಿಸಿ ಬರುತ್ತಿದ್ದೆ. ಕಂಡರಾಗದ ಮನುಷ್ಯ ಯಾವಾಗ ಬೇಕಾದವರಾದರೋ ಗೊತ್ತಾಗಲಿಲ್ಲ. ಅಕ್ಕೋರು ಕೇಳೋ ಧೈರ್ಯ ಇದ್ದೋರು ಅಂತ ಪಕ್ಕದವರಿಗೆಲ್ಲ ನನ್ನನ್ನು ತೋರಿಸಿ ಹೇಳೋರು. ನನಗೆ ಒಳಗೊಳಗೇ ಹೆಮ್ಮೆಯಾಗೋದು, ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ಅವರ ಮಗ ಫೋನು ಮಾಡಿದ. ಅವನು ಪ್ರೈಮರಿ ಶಾಲೆಯ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರು, ಲಿವರಿಗೂ ಹಬ್ಬಿದೆ, ದಾವಣಗೆರೆಯಲ್ಲಿದ್ದೇವೆ, ನಿಮ್ಮ ಹೆಸರು ಬಹಳ ಹೇಳ್ತಾರೆ, ಒಮ್ಮೆ ಬಂದು ಹೋಗ್ರಿ ಅಂದ. ಹೋದೆ. ಅವನು ವರಾಂಡದಲ್ಲೇ ನನ್ನನ್ನು ತಡೆದು ನಿಲ್ಲಿಸಿದ. ಹೊಟ್ಟೆಯೊಳಗೆ ಒಂದು ನಳಿಗೆ ಕೂಡಿಸಿದರೆ ಒಂದೆರಡು ತಿಂಗಳು ಸಿಗಬಹುದು ಅಂತ ಡಾಕ್ಟರು ಹೇಳಿದ್ದಾರೆ, ಮನೆಯವರಿಗೆಲ್ಲ ಕರೆದುಕೊಂಡು ಹೋಗೋದೇ ಸರಿ ಅನ್ನಿಸಿದೆ ಅಂದ. ಕೈಯಲ್ಲಿ ಫಾರಂ ಇತ್ತು. ಅಪ್ಪನಿಗೆ ಏನು ಹೇಳಿದ್ದೀರಿ ಅಂದೆ. ಅಲ್ಸರ್ ಅಂತ ಹೇಳೀವಿ ಅಂದ. ಅವರನ್ನ ಕೇಳಿದಿರಾ ಅಂದೆ.

"ಹೆಂಗ ಕೇಳೋದ್ರಿ ಅಕ್ಕೋರ, ಎದಿ ಒಡಕೊಂತಾರ," ಅಂದ. "ನೀವs ಕೇಳ್ರಿ. ನಿಮಗ ರೂಢಿ ಐತಿ."

ಒಳಗೆ ಹೋದೆ. ಮನುಷ್ಯ ಅರ್ಧವಾಗಿದ್ದರು, ಕಣ್ಣು ಹಳದಿಯಾಗಿತ್ತು, ಬುದ್ಧಿ ಮಾತ್ರ ನೆಟ್ಟಗಿತ್ತು. ಅಕ್ಕೋರ ಬಂದ್ರ್ಯಾ ಅಂತ ಕೈಯೆತ್ತಿದರು. ಕುರ್ಚಿ ಎಳೆದುಕೊಂಡು ಕೂತೆ. ಮಾತು ಬಾಯಿಯ ತನಕ ಬಂತು. ಆಗ ನನಗೆ ಕಂಡಿದ್ದು ಕೊಟ್ಟೂರಿನ ಕಟ್ಟೆ, ಅದರ ಮೇಲೆ ಕೂಡಿಸಿದ ಅವ್ವ. ಇವರೂ ನಾಕು ದಿನ ಇರ್ತೀನಿ ಅಂದುಬಿಟ್ಟರೆ? ಆ ನಾಲ್ಕು ದಿನಕ್ಕೆ ಹೊಣೆ ಯಾರು? ನಾಳೆ ಇವರ ಕಟ್ಟೆಯ ಮುಂದೆ ನಿಂತು ಮಂದಿಯ ಮಾತು ಕೇಳಿಸಿಕೊಳ್ಳೋರು ಯಾರು? ನಾನು ಊಟ ಆಯ್ತಾ ಅಂತ ಕೇಳಿದೆ. ಊಟ ಎಲ್ಲಿದು ಅಂದರು. ಎಳನೀರು ಕುಡಿತೀರೇನ್ರಿ ಅಂದೆ. ಕುಡಿತೀನಿ ಅಂದರು. ಎರಡು ಚಮಚ ಕುಡಿಸಿದೆ, ಬಾಯಿ ಒರೆಸಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಮತ್ತೇನರ ಕೇಳೋದಿತ್ತೇನ್ರಿ ಅಕ್ಕೋರ?" ಅಂದರು.

"ಏನಿಲ್ರಿ ಮಾವಾರ," ಅಂದೆ.

ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ನಾನು ಹೊರಗೆ ಬಂದೆ. ಮಗ ಓಡಿಬಂದು ಏನಂದ್ರು ಅಂತ ಕೇಳಿದ. ಮನಿಗೆ ಹೋಗ್ತೀನಿ ಅಂದ್ರು, ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ, ಒಂಚೂರೂ ತಡವರಿಸಲಿಲ್ಲ. ಅವನ ಮುಖ ಹಗುರಾಯಿತು. ನೀವೇ ಒಂದು ಸಹಿ ಹಾಕಿಬಿಟ್ರೆ ಅಂತ ಫಾರಂ ಮುಂದೆ ಹಿಡಿದ, ನಾವು ಯಾರು ಹಾಕಿದರೂ ನಾಳೆ ಮಂದಿ ಆಡ್ತಾರೆ ಅಂದ. ಗೋಡೆಗೆ ಒತ್ತಿ ಹಿಡಿದು ಹಾಕಿದೆ.

ಮನೆ ಮುಟ್ಟಿದ ಮೂರನೆಯ ದಿನ ಅವರು ಹೋದರು. ತಮ್ಮ ಮನೆಯ ನಡುಮನೆಯಲ್ಲಿ, ತಮ್ಮ ಮಂಚದ ಮೇಲೆ. ಇಂಥ ಸಾವಿಗೂ ಪುಣ್ಯ ಬೇಕು ಅಂತ ಐದು ತಾಲೂಕಿನವರೂ ಅಂದರು. ಅಕ್ಕೋರು ಅವರನ್ನೇ ಕೇಳಿ ಮಾಡಿದರು ಅನ್ನೋ ಮಾತೂ ಹಬ್ಬಿತು. ನಮ್ಮಣ್ಣ ಕೂಡ ಮೊದಲ ಸಲ, ಒಳ್ಳೇದು ಮಾಡಿದಿ ಬಿಡು ಅಂತ ಫೋನು ಮಾಡಿದ.

ಮಾವಾರ ಶಿವಗಣಾರಾಧನೆಯ ದಿನ ಕೂಡ್ಲಿಗಿಗೆ ಹೋಗಿದ್ದೆ. ಅವರ ಮಗ ಮೇಷ್ಟ್ರು ಪಂಕ್ತಿಯ ಗದ್ದಲ ಬಿಟ್ಟು ಬಂದು ನನ್ನ ಪಕ್ಕ ಕೂತರು. ದಾರಿಯಲ್ಲಿ ಅಪ್ಪನಿಗೆ ಒಮ್ಮೆ ಎಚ್ಚರವಾಗಿತ್ತು ಅಂತ ಹೇಳಿದರು. ತೆಲಿಗಿ ಊರು ದಾಟಿದ್ದೆವು, ಎಲ್ಲಿಗಲೇ ಹೊಂಟೀವಿ ಅಂತ ಅಪ್ಪ ಕೇಳಿದರು, ಮನಿಗೆ, ನೀವs ಅಕ್ಕೋರ ಮುಂದ ಹೇಳೀರಲ್ಲ ಅಂತ ನಾನಂದೆ ಅಂದರು.

"ಭಾಳ ಹೊತ್ತು ಗಾಡಿ ಚಾವಣಿ ನೋಡಿದ್ರು," ಅಂದರು ಮೇಷ್ಟ್ರು. "ಆಮ್ಯಾಲೆ, ಹೌದಲೇ, ಹೇಳೀನಿ, ಅಂದ್ರು."

ಮಾವಾರು ಹೇಳಿರಲಿಲ್ಲ. ನಾನು ಕೇಳಿರಲೇ ಇಲ್ಲ. ನಿಮ್ಮಿಂದ ದೊಡ್ಡ ಉಪಕಾರ ಆತ್ರಿ ಅಕ್ಕೋರ ಅಂತ ಮೇಷ್ಟ್ರು ಕೈ ಮುಗಿದರು. ನಾನೂ ಮುಗಿದೆ.